ಲೆಕ್ಕದ ಪುಸ್ತಕದ ಎಡ ಪುಟಗಳು

ನಮ್ಮ ಮನೆಯಲ್ಲಿ ನನಗಾಗಿಯೇ ಮಾಡಿಸಿದ ಒಂದು ಮೇಜಿದೆ. ಹಲಸಿನ ಮರದ್ದು. ನನ್ನ ಮೊದಲ ಕಥಾಸಂಕಲನ ಬಂದ ವರ್ಷ ನಮ್ಮವರು ಆಚಾರಿಯನ್ನು ಮನೆಗೇ ಕರೆಸಿ ಮಾಡಿಸಿದ್ದು. ಕಿಟಕಿಯ ಪಕ್ಕದಲ್ಲಿದೆ, ಎರಡು ಡ್ರಾಯರ್ ಇವೆ, ಒಂದಕ್ಕೆ ಬೀಗವೂ ಇದೆ. ಬಂದವರೆಲ್ಲ ಅದನ್ನು ನೋಡಿ, “ನಿಮಗೇನ್ರೀ, ಎಷ್ಟೊಂದು ಅನುಕೂಲ!” ಎನ್ನುತ್ತಾರೆ. ಸದ್ಯಕ್ಕೆ ಆ ಮೇಜಿನ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆಯ ಗಂಟು, ಕರೆಂಟ್ ಬಿಲ್ಲು, ಮೊಮ್ಮಗನ ರೆಕ್ಕೆ ಮುರಿದ ಏರೋಪ್ಲೇನು ಮತ್ತು ಒಂದು ಮೊರ ಸಂಡಿಗೆ ಇವೆ. ಸಂಡಿಗೆ ಇಟ್ಟವಳು ನಾನೇ. ಬಿಸಿಲು ಚೆನ್ನಾಗಿ ಬೀಳುವ ಕಿಟಕಿ ಮನೆಯಲ್ಲಿ ಅದೊಂದೇ, ಏನು ಮಾಡಲಿ?

ಮೂವತ್ತು ವರ್ಷಗಳಲ್ಲಿ ನಾನು ಬರೆದದ್ದನ್ನೆಲ್ಲ ಒಟ್ಟು ಹಾಕಿ ಎಲ್ಲಿ ಕುಳಿತು ಬರೆದೆ ಎಂದು ಲೆಕ್ಕ ತೆಗೆದರೆ ಆ ಮೇಜಿಗೆ ಅವಮಾನವಾಗುತ್ತದೆ. ಒಂದು ಕಥೆ ಮಾವನವರ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಹುಟ್ಟಿದ್ದು. ಎರಡು ಕಥೆ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿದ್ದಾಗ, ಮಗು ಮಲಗಿದ ಹೊತ್ತಿನಲ್ಲಿ ಬರೆದದ್ದು. (ಈಗ ಮಗಳು ತವರಿಗೆ ಬರುವುದಿಲ್ಲ, ತವರೇ ಮಗಳ ಫ್ಲ್ಯಾಟಿಗೆ ಹೋಗುತ್ತದೆ.) ಸ್ವಂತ ಮನೆಯಲ್ಲಿ ಬರೆಯಲು ಆಗದಿರುವುದಕ್ಕೆ ಮನೆಯವರು ಕಾರಣರಲ್ಲ. ಹಾಗೆಂದರೆ ನಮ್ಮವರು ಬೇಸರ ಮಾಡಿಕೊಳ್ಳುತ್ತಾರೆ, ಅದು ನಿಜವೂ ಅಲ್ಲ. ಕಾರಣ ನನ್ನ ಕಿವಿ. ಮನೆಯಲ್ಲಿರುವಾಗ ಹೆಂಗಸಿನ ಕಿವಿ ಅವಳದಲ್ಲ. ಅದು ಕುಕ್ಕರಿನ ಸೀಟಿ ಎಣಿಸುತ್ತಿರುತ್ತದೆ, ನಲ್ಲಿಯಲ್ಲಿ ನೀರು ಬಂತೇ ಎಂದು ಆಲಿಸುತ್ತಿರುತ್ತದೆ, ಗೇಟಿನ ಸದ್ದಿಗೆ ನಿಮಿರುತ್ತದೆ. ಕಥೆಯೊಳಗಿನ ಮನುಷ್ಯರು ತೀರಾ ಮೆಲ್ಲಗೆ ಮಾತಾಡುವವರು. ಇಷ್ಟು ಸದ್ದಿನಲ್ಲಿ ಅವರು ಹೇಳುವುದು ಎಲ್ಲಿಂದ ಕೇಳಬೇಕು? ಬೇರೆಯವರ ಮನೆಯಲ್ಲೂ ಕುಕ್ಕರ್ ಕೂಗುತ್ತದೆ ನಿಜ. ಆದರೆ ಅದನ್ನು ಎಣಿಸುವವರು ಬೇರೆ ಇರುತ್ತಾರೆ.

ಆದರೂ “ಬರೆಯಲಿಕ್ಕೆಂದು ಊರು ಬಿಟ್ಟು ಹೋಗುತ್ತೇನೆ” ಎಂದು ಹೇಳಿ ಚೀಲ ಹಿಡಿದು ಹೊರಟ ಹೆಂಗಸನ್ನು ನಾನು ಕಂಡಿಲ್ಲ. ಗಂಡಸು ನೌಕರಿಗೆಂದು ಪರಊರಿಗೆ ಹೋಗಿ ಕೋಣೆ ಹಿಡಿದು, ಸಂಜೆ ದೀಪ ಹಚ್ಚಿ ಬರೆಯಲು ಕೂತರೆ ಕೇಳುವವರಿಲ್ಲ. ನಮ್ಮ ಜಿಲ್ಲೆಯ ಮುದ್ದಣನನ್ನೇ ನೋಡಿ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ಮಕ್ಕಳಿಗೆ ಡ್ರಿಲ್ಲು ಹೇಳಿಕೊಡುವ ಮಾಸ್ತರಾಗಿದ್ದುಕೊಂಡು ‘ಶ್ರೀರಾಮಾಶ್ವಮೇಧಂ’ ಬರೆದ. ಬರೆದವನು ತಾನೆಂದು ಹೇಳಿಕೊಳ್ಳಲು ಮಾತ್ರ ಅವನಿಗೆ ಸಂಕೋಚ. ಯಾರೋ ಹಳೆಯ ಕವಿಯದ್ದು ಎಂಬ ಹಾಗೆ ಅದನ್ನು ಮೈಸೂರಿಗೆ ಅಂಚೆಯಲ್ಲಿ ಕಳಿಸಿದ. ಮೂವತ್ತೊಂದಕ್ಕೇ, 1901ರಲ್ಲಿ, ತೀರಿಕೊಂಡ ಪುಣ್ಯಾತ್ಮ. ಬಡತನವಿತ್ತು, ಕಾಯಿಲೆಯಿತ್ತು, ಎಲ್ಲ ನಿಜ. ಆದರೆ ಅವನ ಸಂಕೋಚ ಮಾತ್ರ ಹೆಂಗಸರಾದ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು. ಕೊಡಗಿನ ಗೌರಮ್ಮ ತನ್ನ ಕಥೆಗಳ ಕೆಳಗೆ ‘ಶ್ರೀಮತಿ ಬಿ.ಟಿ.ಜಿ. ಕೃಷ್ಣ’ ಎಂದು ಗಂಡನ ಹೆಸರಿನ ಅಕ್ಷರಗಳನ್ನು ಹಾಕುತ್ತಿದ್ದರು. ಆಕೆ 1939ರಲ್ಲಿ ಹೊಳೆಯಲ್ಲಿ ಮುಳುಗಿ ಹೋದಾಗ ವಯಸ್ಸು ಇಪ್ಪತ್ತೇಳು.

ಹೆಂಗಸು ಮನೆ ಬಿಟ್ಟು ಹೊರಡುವುದು ಹುಟ್ಟು, ಸಾವು, ಕಾಯಿಲೆ ಈ ಮೂರಕ್ಕೇ. ನಾನು ಕಕ್ಕಿಂಜೆಗೆ ಹೋದದ್ದು ಮೂರನೆಯದಕ್ಕೆ.

ಕಕ್ಕಿಂಜೆ ಎಂದರೆ ಎಲ್ಲಿ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ಚಾರ್ಮಾಡಿ ಘಾಟಿ ಇಳಿದು ಉಜಿರೆಯ ಕಡೆ ಹೊರಟರೆ, ಬಸ್ಸಿನಲ್ಲಿ ವಾಂತಿ ಮಾಡಿದ ಮಕ್ಕಳಿಗೆ ಮುಖ ತೊಳೆಸುವ ಹೊತ್ತಿಗೆ ಬರುವ ಪೇಟೆ ಅದು. ಬೆಳ್ತಂಗಡಿ ತಾಲೂಕು. ಪೇಟೆಯೆಂದರೆ ರಸ್ತೆಯ ಎರಡು ಬದಿಗೆ ಅಂಗಡಿ, ಹಿಂದೆ ಅಡಿಕೆ ತೋಟ, ರಬ್ಬರು, ಅದರ ಹಿಂದೆ ಕಾಡು, ಕಾಡಿನ ಹಿಂದೆ ಗೋಡೆಯ ಹಾಗೆ ನಿಂತ ಘಟ್ಟ. ಅಲ್ಲಿ ಒಂದು ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ತುಳು, ಬ್ಯಾರಿ, ಮಲಯಾಳ, ಮುಂಡಾಜೆಯ ಕಡೆಯ ಚಿತ್ಪಾವನರ ಮರಾಠಿ, ಕೊನೆಗೆ ಕನ್ನಡ, ಎಲ್ಲವೂ ಕಿವಿಗೆ ಬೀಳುತ್ತವೆ. ನನ್ನ ತಾಯಿಯ ಅಕ್ಕ, ನಮ್ಮ ದೊಡ್ಡಮ್ಮ, ಹದಿನೇಳನೆಯ ವಯಸ್ಸಿಗೆ ಮದುವೆಯಾಗಿ ಬಂದು ಸೇರಿದ ಮನೆ ಪೇಟೆಯಿಂದ ಒಂದು ಮೈಲಿ ಒಳಗೆ. ಒಂದು ಕಾಲಕ್ಕೆ ಹದಿನಾಲ್ಕು ಜನ ಉಣ್ಣುತ್ತಿದ್ದ ಮನೆ. ನಾನು ಹೋಗುವ ಹೊತ್ತಿಗೆ ಅವರೊಬ್ಬರೇ ಇದ್ದರು. 2019ರ ಮಳೆಗಾಲದ ಶುರುವಿಗೆ ಅಂಗಳದಲ್ಲಿ ಪಾಚಿಗೆ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಮಂಗಳೂರಿನಲ್ಲಿ ಆಪರೇಷನ್ ಆಗಿ ಮನೆಗೆ ಬಂದರು. ಮಗ ದೂರದ ದೇಶದಲ್ಲಿ. ಸರದಿಯಂತೆ ಒಬ್ಬೊಬ್ಬರು ನೋಡಿಕೊಳ್ಳುವುದೆಂದು ತೀರ್ಮಾನವಾಯಿತು. ಜುಲೈ ಕೊನೆಗೆ ಹದಿನೈದು ದಿನಕ್ಕೆಂದು ನಾನು ಚಿಕ್ಕಮಗಳೂರಿನಿಂದ ಇಳಿದೆ. ಚೀಲದಲ್ಲಿ ನಾಲ್ಕು ಸೀರೆ, ದೊಡ್ಡಮ್ಮನಿಗೆ ಪ್ರಿಯವಾದ ಕಾಫಿಪುಡಿ, ಮತ್ತು ಮಗ ಕೊಡಿಸಿದ ಲ್ಯಾಪ್‌ಟಾಪು.

ಲ್ಯಾಪ್‌ಟಾಪಿನಲ್ಲಿ ಒಂದು ಕಾದಂಬರಿ ಶುರುವಾಗಿತ್ತು. ಶುರುವಾಗಿ ಎರಡು ವರ್ಷವಾಗಿತ್ತು ಎನ್ನಿ. ಅದು ದೊಡ್ಡಮ್ಮನ ಕಥೆ. ಅಂದರೆ ಅವರ ಹಾಗೆ ತುಂಬಿದ ಮನೆಗೆ ಹಿರಿಯ ಸೊಸೆಯಾಗಿ ಬಂದು, ಒಲೆಯ ಮುಂದೆ ಆಯುಷ್ಯ ಕಳೆದ ಹೆಣ್ಣಿನ ಕಥೆ. ಎಷ್ಟು ಸಲ ಬರೆದರೂ ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಆಕೆ ದೇವಿಯಾಗಿಬಿಡುತ್ತಿದ್ದಳು. ಬೈಯುವುದಿಲ್ಲ, ಹಸಿವಾಗುವುದಿಲ್ಲ, ಮಾತೆತ್ತಿದರೆ ಕಣ್ಣಂಚಿನಲ್ಲಿ ನೀರು. ಆಡುವ ಭಾಷೆಯೋ, ಆಕಾಶವಾಣಿಯ ವಾರ್ತೆ! ದೂರದಿಂದ ನೆನೆದುಕೊಂಡರೆ ಹಿರಿಯರು ಹಾಗೆಯೇ ಕಾಣುತ್ತಾರೇನೋ.

ಆಗಸ್ಟ್ ಬಂತು. ಮಳೆ ಹಿಡಿಯಿತು. ದಕ್ಷಿಣ ಕನ್ನಡದವರಿಗೆ ಮಳೆಯ ಬಗ್ಗೆ ಹೇಳಬೇಕಾಗಿಲ್ಲ, ಆದರೆ ಆ ವರ್ಷದ ಮಳೆಗೆ ಅವರೂ ಹೆದರಿದರು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತು. 9ನೇ ತಾರೀಕು ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬದ ದಿನ, ಮೃತ್ಯುಂಜಯ ಹೊಳೆ ಕೆಂಪಗೆ ಉಕ್ಕಿ, ಮರದ ದಿಮ್ಮಿಗಳನ್ನೂ ಮರಳನ್ನೂ ಹೊತ್ತು ತಂದು ತೋಟಗಳ ಮೇಲೆ ಸುರಿಯಿತು. ನಮ್ಮ ದೊಡ್ಡಮ್ಮನ ಮನೆ ಎತ್ತರದಲ್ಲಿತ್ತು, ಬಚಾವಾಯಿತು. ಕೆಳಗಿನವರು ಮಕ್ಕಳನ್ನು ಕಟ್ಟಿಕೊಂಡು ಗಂಜಿ ಕೇಂದ್ರಕ್ಕೆ ಹೋದರು. ಆ ರಾತ್ರಿ ಹೊಳೆಯ ಸದ್ದು ಮನೆಯೊಳಗೆ ಕೇಳುತ್ತಿತ್ತು. ಕಲ್ಲುಗಳು ಒಂದಕ್ಕೊಂದು ಬಡಿದುಕೊಂಡು ಹೋಗುವ ಸದ್ದು. ದೊಡ್ಡಮ್ಮ ಹಾಸಿಗೆಯಿಂದಲೇ, “ಭತ್ತದ ಪತ್ತಾಯದ ಮೇಲಿನ ಹಂಚು ಸೋರ್ತದಾ ನೋಡು” ಎಂದರು. ಪತ್ತಾಯದಲ್ಲಿ ಭತ್ತವಿಲ್ಲದೆ ಇಪ್ಪತ್ತು ವರ್ಷವಾಗಿತ್ತು.

ಕರೆಂಟು ಹೋಯಿತು. ಇನ್ವರ್ಟರು ಒಂದು ದಿನ ತಡೆಯಿತು, ಲ್ಯಾಪ್‌ಟಾಪು ಮೂರು ಗಂಟೆ. ಫೋನಿನ ಟವರೂ ಸುಮ್ಮನಾಯಿತು. ನಾಲ್ಕು ದಿನವಾದ ಮೇಲೆ ಪೇಟೆಗೆ ಹೋದವರ ಕೈಯಲ್ಲಿ ಫೋನು ಚಾರ್ಜು ಮಾಡಿಸಿ ಮನೆಗೆ ಮಾತಾಡಿದೆ. ಹಬ್ಬಕ್ಕೆ ಏನು ಮಾಡಿದಿರಿ ಎಂದೆ. “ಉಪ್ಪಿಟ್ಟು” ಎಂದರು ನಮ್ಮವರು. “ಸುತ್ತುಬಳಸಿ ಬಂದು ಕರೆದುಕೊಂಡು ಬರಲೇ?” ಎಂದು ಕೇಳಿದರು. ನನ್ನ ನಂತರ ಬರಬೇಕಾಗಿದ್ದವರಿಗೆ ಬರಲು ದಾರಿಯಿಲ್ಲ, ಹಾಗಾಗಿ ನಾನೇ ಉಳಿಯುತ್ತೇನೆ ಎಂದೆ. ನಿಜವಾದ ಕಾರಣವೇ ಅದು. ಆದರೆ ಅದರ ಹಿಂದೆ ಇನ್ನೊಂದು ಕಾರಣವೂ ಇತ್ತು, ಅದನ್ನು ಫೋನಿನಲ್ಲಿ ಹೇಳಲಿಲ್ಲ. ಆ ಹೊತ್ತಿಗಾಗಲೇ ನಾನು ಬರೆಯತೊಡಗಿದ್ದೆ.

ಮನೆಯಲ್ಲಿ ಬಿಳಿ ಕಾಗದವೆಂಬುದು ಇರಲಿಲ್ಲ. ಹುಡುಕುವಾಗ ಕಪಾಟಿನಲ್ಲಿ ದೊಡ್ಡಪ್ಪನ ಕಾಲದ ತೋಟದ ಲೆಕ್ಕದ ಪುಸ್ತಕಗಳು ಸಿಕ್ಕಿದವು. ಉದ್ದನೆಯ, ಕೆಂಪು ಬಟ್ಟೆ ಹೊದಿಸಿದ ಪುಸ್ತಕಗಳು. ದೊಡ್ಡಪ್ಪ ಬಲ ಪುಟದಲ್ಲಿ ಮಾತ್ರ ಬರೆಯುತ್ತಿದ್ದರು. ಮಳೆಗಾಲದಲ್ಲಿ ಕಾಗದ ಮೆತ್ತಗಾಗಿ ಶಾಯಿ ಹಿಂದಕ್ಕೆ ಇಳಿಯುತ್ತದೆ, ಎರಡೂ ಕಡೆ ಬರೆದರೆ ಅಂಕಿಗಳು ಕಲಸಿಹೋಗುತ್ತವೆ, ಅದಕ್ಕೆ. ಎಡ ಪುಟಗಳೆಲ್ಲ ಖಾಲಿ. “ಬರೀ, ಬರೀ. ಅದ್ರಲ್ಲಿ ಇನ್ನು ಬರಿಲಿಕ್ಕೆ ಯಾರಿದ್ದಾರೆ?” ಎಂದು ದೊಡ್ಡಮ್ಮ ಅಪ್ಪಣೆ ಕೊಟ್ಟರು. ಯಾರಿಗೋ ಕಾಗದ ಬರೆಯುತ್ತೇನೆಂದು ಅವರ ಅಂದಾಜು.

ಹತ್ತು ವರ್ಷವಾದ ಮೇಲೆ ಕೈಯಲ್ಲಿ ಬರೆಯುವುದೆಂದರೆ ಮೊದಲ ದಿನ ಬೆರಳು ನೋಯುತ್ತದೆ. ಎರಡನೆಯ ದಿನ ಅಕ್ಷರ ನನ್ನದಲ್ಲವೆನಿಸುತ್ತದೆ. ಮೂರನೆಯ ದಿನಕ್ಕೆ ಹಳೆಯ ಕೈಬರಹ ವಾಪಸು ಬಂತು, ಹೈಸ್ಕೂಲಿನ ಕಾಪಿ ಪುಸ್ತಕದ್ದು, ಬಲಕ್ಕೆ ಬಾಗಿದ್ದು. ಒಗ್ಗದ ಕಾಗದ, ಥಂಡಿ ಹವೆ. ಪೆನ್ನಿನ ಶಾಯಿ ಹರಡುತ್ತದೆ, ಬಾಲ್‌ಪೆನ್ನು ಒದ್ದೆ ಕಾಗದದ ಮೇಲೆ ಜಾರಿ ಅರ್ಧ ಅಕ್ಷರ ಮೂಡುತ್ತದೆ. ಮರುದಿನಕ್ಕೆ ಬೇಕಾದ ಹಾಳೆಗಳನ್ನು ಬಚ್ಚಲೊಲೆಯ ಪಕ್ಕದ ಮಣೆಯ ಮೇಲೆ ತೆರೆದಿಟ್ಟು ಬೆಚ್ಚಗೆ ಮಾಡಿಕೊಳ್ಳುವುದನ್ನು ಕಲಿತೆ. ಆಮೇಲೆ ಎಲ್ಲ ಪುಟಕ್ಕೂ ಹೊಗೆಯ ವಾಸನೆ ಹತ್ತಿಕೊಂಡಿತು. ಈಗಲೂ ಇದೆ.

ನಮ್ಮ ತಲೆಮಾರಿನ ಬರೆಯುವ ಹೆಂಗಸರಿಗೆ ಕೈಬರಹದ ಕಟ್ಟುಪಾಡುಗಳು ಬಾಯಿಪಾಠ. ಕಾಗದದ ಒಂದೇ ಮಗ್ಗುಲಲ್ಲಿ ಬರೆಯಿರಿ, ಎಡಗಡೆ ಅಂಚು ಬಿಡಿ, ಸ್ಟಾಂಪು ಹಚ್ಚಿ ಸ್ವವಿಳಾಸ ಬರೆದ ಲಕೋಟೆ ಇಡಿ. ಆ ಲಕೋಟೆ ನಮ್ಮದೇ ಅಕ್ಷರದಲ್ಲಿ ವಾಪಸು ಬಂದಾಗ ಒಡೆಯದೆಯೇ ಸಂಗತಿ ಗೊತ್ತಾಗುತ್ತಿತ್ತು. ಪೋಸ್ಟ್‌ಮ್ಯಾನಿಗೂ ಗೊತ್ತಾಗುತ್ತಿತ್ತು. ಅವನು ಪಾಪ ಮುಖ ನೋಡದೆ ಕೊಟ್ಟು ಹೋಗುತ್ತಿದ್ದ. ಒಂದು ಪತ್ರಿಕೆಯವರಂತೂ ಹನ್ನೆರಡು ಪುಟದ ಕಥೆಯನ್ನು ಏಳನೆಯ ಪುಟ ಕಳೆದುಕೊಂಡು ವಾಪಸು ಕಳಿಸಿದ್ದರು. ಪ್ರತಿ ಇಟ್ಟುಕೊಂಡಿರಲಿಲ್ಲವಾದ್ದರಿಂದ ಆ ಕಥೆಯಲ್ಲಿ ಮದುವೆ ಹೇಗೆ ನಿಂತಿತೆಂದು ಈಗ ನನಗೂ ಮರೆತಿದೆ. ಹಾಗಾಗಿ ಕೈಬರಹದ ಬಗ್ಗೆ ಕೆಲವರಿಗಿರುವ ಪ್ರೇಮ ನನಗಿಲ್ಲ. ಕಂಪ್ಯೂಟರಿನಲ್ಲಿ ‘ನುಡಿ’ ಬಂದಾಗ ನನ್ನಷ್ಟು ಸಂತೋಷಪಟ್ಟವರು ಕಡಿಮೆ. ತಿದ್ದಿ ತಿದ್ದಿ ನಕಲು ಮಾಡುವ ಕತ್ತೆಚಾಕರಿ ತಪ್ಪಿತಲ್ಲ!

ಆದರೆ ಕಕ್ಕಿಂಜೆಯಲ್ಲಿ ನಾಲ್ಕು ಪುಟ ಆಗುವಷ್ಟರಲ್ಲಿ ನಾನು ಎಣಿಸದ ಒಂದು ಸಂಗತಿ ನಡೆಯಿತು. ಎಡಕ್ಕೆ ನನ್ನ ಕಾದಂಬರಿ, ಬಲಕ್ಕೆ ದೊಡ್ಡಪ್ಪನ ಲೆಕ್ಕ. ನಾನು ಬರೆಯುತ್ತ ಪದಕ್ಕಾಗಿ ತಡಕಾಡುವಾಗ ಕಣ್ಣು ಬಲಕ್ಕೆ ಹೋಗುತ್ತಿತ್ತು. ಚಾಲಿ ಅಡಿಕೆ ಇಷ್ಟು ಕಿಲೋ. ಮದ್ದು ಬಿಡಲು ಮೈಲುತುತ್ತು, ಸುಣ್ಣ. ಸೊಪ್ಪು ತಂದ ಹೆಣ್ಣಾಳುಗಳು ಐದು, ಗಂಡಾಳು ಎರಡು. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ, ಪುಟದಿಂದ ಪುಟಕ್ಕೆ, ವರ್ಷದಿಂದ ವರ್ಷಕ್ಕೆ. ನನ್ನ ಕಾದಂಬರಿಯಲ್ಲಿ ಅಲ್ಲಿಯವರೆಗೆ ಆಳುಗಳೇ ಇರಲಿಲ್ಲ! ಹದಿನಾಲ್ಕು ಜನರ ಮನೆ, ಆರು ಎಕರೆ ತೋಟ, ಎಲ್ಲವೂ ತಾನಾಗಿ ನಡೆಯುತ್ತಿದ್ದ ಹಾಗೆ ಬರೆದಿದ್ದೆ. ಎಂಟನೆಯ ಪುಟದಲ್ಲಿ ಸೊಪ್ಪಿನ ಹೊರೆ ಹೊತ್ತ ಐದು ಹೆಂಗಸರು ಅಂಗಳಕ್ಕೆ ಬಂದು ನಿಂತರು. ಅವರಿಗೆ ಗಂಜಿ ಬಡಿಸುವುದಕ್ಕೆ ನನ್ನ ನಾಯಕಿ ಏಳಲೇಬೇಕಾಯಿತು. ದೇವಿ ಪೀಠದಿಂದ ಇಳಿದದ್ದು ಹಾಗೆ.

ಮಾತೂ ಬದಲಾಯಿತು. ದಿನವಿಡೀ ಕಿವಿಗೆ ಬೀಳುತ್ತಿದ್ದದ್ದು ದೊಡ್ಡಮ್ಮನ “ಎಂತ ಮಾರಾಯ್ತಿ”, “ಉಂಟಲ್ಲ”, “ಅದಾಗ್ಲಿಕ್ಕಿಲ್ಲ”. ಘಟ್ಟ ಹತ್ತಿ ಮೂವತ್ತೈದು ವರ್ಷವಾಗಿ ನನ್ನ ನಾಲಗೆ ಮೇಲಿನವರ ಹಾಗೆ ಆಗಿಬಿಟ್ಟಿದೆ. ಕಿವಿ ಮಾತ್ರ ಕೆಳಗಿನದೇ. ಬರೆಯುವಾಗ ಬೇಕಾದದ್ದು ಕಿವಿ ತಾನೇ? ಸಾರಾ ಅಬೂಬಕ್ಕರ್ ಕಾಸರಗೋಡಿನ ಚಂದ್ರಗಿರಿ ಹೊಳೆಯ ಬದಿಯ ಹೆಣ್ಣುಮಕ್ಕಳ ಬದುಕನ್ನು ಬರೆದದ್ದು ಮದುವೆಯಾಗಿ ತವರು ಬಿಟ್ಟು ಎಷ್ಟೋ ವರ್ಷದ ಮೇಲೆ. ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ, 1984ರಲ್ಲಿ ಪುಸ್ತಕವಾಗಿ ಬಂತು. ಎಂ.ಕೆ. ಇಂದಿರಾ ನಲವತ್ತು ದಾಟಿದ ಮೇಲೆ ಕಾದಂಬರಿಗೆ ಕೈಹಾಕಿದವರು. 1963ರ ‘ತುಂಗಭದ್ರ’ದಲ್ಲಿ ತಾವು ಕಂಡ ಮಲೆನಾಡಿನ ಮನೆಗಳ ಅಡಿಗೆಮನೆ, ಜಗಲಿ, ಹಿತ್ತಿಲು ಎಲ್ಲ ಹಾಗೆಯೇ ಬಂದವು. ಊರಿಂದ ದೂರವಿದ್ದರೆ ಕಾಣುವುದು ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ. ಇರಬಹುದು. ನನ್ನ ಅನುಭವದಲ್ಲಿ ದೂರದಿಂದ ಕಾಣುವುದು ಆಕಾರ, ಹತ್ತಿರ ಹೋದರೆ ಸಿಕ್ಕುವುದು ವಾಸನೆ. ಕಾದಂಬರಿಗೆ ಎರಡೂ ಬೇಕು.

ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂದದ್ದು. ಅದು ಅವರದೇ ಕುಟುಂಬದ ಒಬ್ಬ ಹಿರಿಯ ವಿಧವೆಯ ಬದುಕು. ಪ್ರೇಮಾ ಕಾರಂತರು ಸಿನಿಮಾ ಮಾಡಿದ ಮೇಲೆ ಕಾದಂಬರಿ ಓದದವರಿಗೂ ಆಕೆ ಗೊತ್ತಾದರು. ಆದರೆ ಪುಸ್ತಕ ಬಂದಾಗ ಫಣಿಯಮ್ಮ ಬದುಕಿರಲಿಲ್ಲ. ನನ್ನ ಫಣಿಯಮ್ಮನೋ, ನನ್ನಿಂದ ಮೂರಡಿ ದೂರದ ಮಂಚದಲ್ಲಿ ಮಲಗಿ, ಕಷಾಯಕ್ಕೆ ಬೆಲ್ಲ ಕಮ್ಮಿಯಾಯಿತೆಂದು ಗೊಣಗುತ್ತಿದ್ದರು.

ನೀವು ಎಂದಾದರೂ ಮಲಗಿದ ಮನುಷ್ಯರ ಚಾಕರಿ ಮಾಡಿದ್ದೀರಾದರೆ ನಿಮಗೆ ಗೊತ್ತಿರುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನಿಗೆ ಪೌಡರು ಹಚ್ಚಬೇಕು, ಬೆಡ್‌ಪ್ಯಾನು ಕೊಡಬೇಕು. ದೊಡ್ಡಮ್ಮ ಮಹಾ ಸಿಟ್ಟಿನವರು. ಸಿಟ್ಟು ನಮ್ಮ ಮೇಲಲ್ಲ, ಏಳಲಾಗದ ತನ್ನ ಮೈಯ ಮೇಲೆ. ಬಿದ್ದ ತೆಂಗಿನಕಾಯಿ ಎಷ್ಟೆಂದು ಮಲಗಿದಲ್ಲಿಂದಲೇ ಲೆಕ್ಕ ಇಡುತ್ತಿದ್ದರು, ಸದ್ದು ಕೇಳಿ! ಕೆಲಸಕ್ಕೆ ಬರುವ ಹೆಂಗಸಿನೊಂದಿಗೆ ತುಳುವಿನಲ್ಲಿ ಜಗಳವಾಡುತ್ತಿದ್ದರು, ಸಂಜೆ ಅವಳು ಹೊರಡುವಾಗ ಮಕ್ಕಳಿಗೆ ಕೊಡೆಂದು ಹಲಸಿನ ಹಪ್ಪಳ ಕೊಡಿಸುತ್ತಿದ್ದರು. ರಾತ್ರಿ ನೋವಿಗೆ ನಿದ್ದೆ ಬಾರದಾಗ ನನ್ನನ್ನು ಎಬ್ಬಿಸುತ್ತಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಹಲ್ಲು ಕಚ್ಚುತ್ತಿದ್ದರು. ನಾನು ಎಚ್ಚರವಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಬೆಳಗ್ಗೆ ಇದೆಲ್ಲ ಎಡ ಪುಟಕ್ಕೆ ಹೋಗುತ್ತಿತ್ತು. ನಿಮ್ಮೊಂದಿಗೆ ಮುಚ್ಚುಮರೆಯೇಕೆ, ಅವರನ್ನು ಶುಶ್ರೂಷೆ ಮಾಡುವ ಕೈಯೇ ಅವರನ್ನು ಬರೆದುಕೊಳ್ಳುತ್ತಿತ್ತು. ಬರೆಯುವವರ ಮನೆಯಲ್ಲಿ ಕಾಯಿಲೆ ಬೀಳುವುದು ಅಷ್ಟು ಕ್ಷೇಮವಲ್ಲ.

ಒಂದು ಮಧ್ಯಾಹ್ನ ಕೇಳಿಯೇಬಿಟ್ಟರು.

“ಎಂತ ಬರಿಯುದು ಅಷ್ಟುದ್ದ? ಗಂಡನಿಗೆ ಕಾಗದವಾ?”

“ಅಲ್ಲ ದೊಡ್ಡಮ್ಮ. ಕಥೆ.”

“ಕಥೆಯಾ!” ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದ್ರಲ್ಲಿ ನಾನುಂಟಾ?”

“ಇದ್ದೀರಿ.”

“ಹಾಗಾದ್ರೆ ಓದು.”

ದೊಡ್ಡಮ್ಮ ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವರು, ಆದರೆ ಓದು ಬಿಟ್ಟವರಲ್ಲ. ಅವರ ಟ್ರಂಕಿನಲ್ಲಿ ವಾರಪತ್ರಿಕೆಗಳಿಂದ ಧಾರಾವಾಹಿಯ ಪುಟಗಳನ್ನು ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಮಾಡಿದ ಹನ್ನೆರಡು ಹದಿಮೂರು ಪುಸ್ತಕಗಳಿದ್ದವು. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹೆಂಗಸರು ಹೀಗೆ ಹೊಲಿದಿಟ್ಟಿಲ್ಲ? ಪುಸ್ತಕ ಕೊಳ್ಳಲು ದುಡ್ಡು ಕೇಳುವ ಹಾಗಿಲ್ಲ, ಆದರೆ ಗಂಡಸರು ಓದಿ ಬಿಟ್ಟ ಪತ್ರಿಕೆ ಕತ್ತರಿಸಿದರೆ ಬೈಯುವವರಿಲ್ಲ. ಹಾಗಾಗಿ ನನ್ನ ಮೊದಲ ಓದುಗರು ಸಾಮಾನ್ಯರಾಗಿರಲಿಲ್ಲ. ನಾನು ಬೆವರುತ್ತಾ ಓದಿದೆ.

ಅವರು ತಕರಾರು ತೆಗೆದದ್ದು ನಾನು ಹೆದರಿಕೊಂಡಿದ್ದಕ್ಕಲ್ಲ. ಸಿಟ್ಟಿನ ಬಗ್ಗೆ ಬರೆದದ್ದು ಕೇಳಿ ನಕ್ಕರು. ಅತ್ತೆಯ ಬಗ್ಗೆ ಬರೆದದ್ದಕ್ಕೆ, “ಇನ್ನೂ ಸ್ವಲ್ಪ ಖಾರ ಹಾಕ್ಬಹುದಿತ್ತು” ಎಂದರು. ಆದರೆ ನಾಯಕಿ ಬಾವಿಕಟ್ಟೆಯ ಮೇಲೆ ಕುಳಿತು ತವರನ್ನು ನೆನೆದು ಅಳುವ ಭಾಗ ಬಂದಾಗ ಕೈಯೆತ್ತಿ ನಿಲ್ಲಿಸಿದರು.

“ಅವಳು ಅಳುದು ಸರಿಯಿಲ್ಲ ಇಲ್ಲಿ. ಹತ್ತು ಗಂಟೆಗೆ ಆಳುಗಳಿಗೆ ಗಂಜಿ ಆಗ್ಬೇಕು ಅಂತ ನೀನೇ ಬರ್ದಿದ್ದಿ. ಅಳ್ಲಿಕ್ಕೆ ಪುರ್ಸೊತ್ತೆಲ್ಲಿ?”

“ಹಾಗಾದರೆ ನೀವು ಯಾವಾಗ ಅಳುತ್ತಿದ್ದಿರಿ?”

“ನೀರುಳ್ಳಿ ಕೊಯ್ಯುವಾಗ. ಮತ್ಯಾವಾಗ?”

ಅದನ್ನು ಹಾಗೆಯೇ ಬರೆದುಕೊಂಡೆ. ಆಮೇಲೆ ದಿನಾ ಮಧ್ಯಾಹ್ನ ಊಟವಾದ ಮೇಲೆ ಓದುವುದು ಪದ್ಧತಿಯಾಯಿತು. ಮಳೆ ಒಂದೇ ಸಮನೆ. ಕೆಲಸದವಳೂ ಪಾತ್ರೆ ಬಿಟ್ಟು ಬಾಗಿಲಿಗೆ ಒರಗಿ ಕೂರುತ್ತಿದ್ದಳು. ಅವಳ ತೋಟದಂಚಿನ ಗದ್ದೆಯ ಮೇಲೆ ಹೊಳೆ ಸೊಂಟದೆತ್ತರ ಮರಳು ಹಾಕಿ ಹೋಗಿತ್ತು. ಅಂಥವಳ ಮುಂದೆ ಕಾದಂಬರಿ ಓದುವುದು ಸರಿಯೇ ಎಂದು ನನಗೆ ಮುಜುಗರವಾದರೆ, ಅವಳು, “ನಿನ್ನೆ ಎಲ್ಲಿಗೆ ನಿಂತದ್ದು ಅಕ್ಕಾ?” ಎಂದು ತಾನೇ ಕೇಳುತ್ತಿದ್ದಳು. ಕೂಲಿಯ ಭಾಗ ಬಂದಾಗ ತನ್ನ ಅಮ್ಮ ಅದೇ ತೋಟಕ್ಕೆ ಸೊಪ್ಪು ಹೊತ್ತದ್ದೆಂದಳು. ದೊಡ್ಡಮ್ಮ ಏನೂ ಹೇಳಲಿಲ್ಲ. ಲೆಕ್ಕದ ಪುಸ್ತಕ ಅವಳ ಕಡೆಗೇ ತೆರೆದುಕೊಂಡಿತ್ತು.

ಐದನೆಯ ವಾರದ ಹೊತ್ತಿಗೆ ಒಂದು ಪ್ರಸಂಗ ಬರೆದೆ. ದೊಡ್ಡಮ್ಮನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ದಿನ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ನಡೆದದ್ದು. ನನಗೆ ಅದನ್ನು ಹೇಳಿದ್ದು ನನ್ನ ಅಮ್ಮ, ತಾನು ಸಾಯುವ ಮುಂಚಿನ ವರ್ಷ. ಹೊರಗಿನವರಿಗೆ ದೊಡ್ಡ ಸಂಗತಿಯಲ್ಲ, ಯಾರೂ ಸತ್ತಿಲ್ಲ, ಯಾರೂ ಓಡಿಹೋಗಿಲ್ಲ. ಆದರೆ ಇಡೀ ಕಾದಂಬರಿ ಅದರ ಮೇಲೆ ನಿಂತಿತ್ತು. ಎರಡು ವರ್ಷದಿಂದ ನಾನು ಬರೆಯಲು ತಿಣುಕುತ್ತಿದ್ದದ್ದು ಅದನ್ನೇ. ಹನ್ನೊಂದು ಪುಟ ಒಂದೇ ರಾತ್ರಿ ಮೋಂಬತ್ತಿಯ ಬೆಳಕಿನಲ್ಲಿ ಬಂತು. ಮರುದಿನ ಕೆಲಸದವಳು ಹೋದ ಮೇಲೆ ಓದಿದೆ.

ದೊಡ್ಡಮ್ಮ ಕೊನೆಯವರೆಗೂ ಕೇಳಿದರು. ಕಣ್ಣು ಮುಚ್ಚಿಕೊಂಡಿದ್ದರು.

“ಎಲ್ಲ ಸರಿ ಉಂಟು. ಹೀಗೇ ಆದದ್ದು” ಎಂದರು. “ಆದ್ರೆ ಇದು ಬೇಡ.”

ಯಾಕೆಂದು ಕೇಳಿದೆ.

“ನನಗೆ ನಾಚಿಕೆ ಅಂತ ಅಲ್ಲ. ಓದಿ ಬೇಜಾರು ಮಾಡ್ಕೊಳ್ಳುವವರು ಒಬ್ರಿದ್ದಾರೆ. ಯ���ರು ಅಂತ ನಿನಗೆ ಗೊತ್ತುಂಟು. ಅವ್ರಿಗೆ ಗೊತ್ತಾಗದ ಹಾಗೆ ಐವತ್ತೊಂಬತ್ತು ವರ್ಷ ಇಟ್ಟಿದ್ದೇನೆ.”

ಗೊತ್ತಿತ್ತು. ಅದಕ್ಕೇ ಆ ಪ್ರಸಂಗವೇನೆಂದು ನಾನು ಇಲ್ಲಿಯೂ ಬರೆಯುತ್ತಿಲ್ಲ. ಈ ಪ್ರಬಂಧದ ವಿವರಗಳಲ್ಲೂ ಅಲ್ಲಲ್ಲಿ ಒಂದಿಷ್ಟು ಬದಲಿಸಿದ್ದೇನೆ. ದಯವಿಟ್ಟು ನಮ್ಮ ಬಳಗದವರು ಲೆಕ್ಕ ಹಾಕಲು ಹೋಗಬಾರದು.

ದೊಡ್ಡಮ್ಮ ಪುಸ್ತಕ ಕೊಡೆಂದು ಕೈಚಾಚಿದರು. ದಿಂಬಿಗೆ ಒರಗಿಸಿ ಕೂರಿಸಿದೆ. ಪೆನ್ನು ತೆಗೆದುಕೊಂಡರು. ಹರಿದು ಹಾಕುತ್ತಾರೇನೋ ಎಂದುಕೊಂಡೆ. ಅವರು ಹರಿಯಲಿಲ್ಲ, ಗೀಚಲಿಲ್ಲ. ಸಾಲ ತೀರಿದ ಮೇಲೆ ಲೆಕ್ಕದ ಪುಸ್ತಕದಲ್ಲಿ ಹೊಡೆಯುತ್ತಾರಲ್ಲ, ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ, ಅದನ್ನು ನಡುಗುವ ಕೈಯಲ್ಲಿ ಹನ್ನೊಂದು ಪುಟಕ್ಕೂ ಒಂದೊಂದಾಗಿ ಎಳೆದರು. ಎದುರಿನ ಪುಟದಲ್ಲಿ ದೊಡ್ಡಪ್ಪ ಎಳೆದ ಗೆರೆಗಳೂ ಅಂಥವೇ.

ಇದನ್ನು ಆಮೇಲೆ ಒಂದಿಬ್ಬರು ಲೇಖಕ ಮಿತ್ರರಿಗೆ ಹೇಳಿದೆ. ಒಬ್ಬರು, “ಬರಹಗಾರರು ಇಂಥ ದಾಕ್ಷಿಣ್ಯಕ್ಕೆ ಬೀಳಬಾರದು. ಸತ್ಯ ದೊಡ್ಡದು” ಎಂದರು. ಇನ್ನೊಬ್ಬರು, “ಹೆಸರು, ಊರು ಬದಲಾಯಿಸಿ ಹಾಕಿಬಿಡಿ, ಯಾರಿಗೆ ಗೊತ್ತಾಗುತ್ತದೆ?” ಎಂದರು. ಇಬ್ಬರೂ ಒಳ್ಳೆಯ ಲೇಖಕರು. ಆದರೆ ಅವರು ತಮ್ಮ ಪಾತ್ರಕ್ಕೆ ಬೆಡ್‌ಪ್ಯಾನು ಹಿಡಿದವರಲ್ಲ. ಯಾರಿಗೆ ಗೊತ್ತಾಗಬಾರದೋ ಅವರಿಗೆ, ಊರು ಬದಲಾಯಿಸಿದರೂ, ಮೊದಲ ಸಾಲಿಗೇ ಗೊತ್ತಾಗುತ್ತದೆ. ಬೇರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಯಾವ ಸಮಾಧಾನ? ಬರಹದ ಸತ್ಯ ದೊಡ್ಡದೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಐವತ್ತೊಂಬತ್ತು ವರ್ಷ ಒಂದು ಮಾತನ್ನು ನುಂಗಿಕೊಂಡು, ಅದೇ ಮನುಷ್ಯರಿಗೆ ದಿನಾ ಬಡಿಸಿದವಳ ಸತ್ಯ ಚಿಕ್ಕದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆ ಹನ್ನೊಂದು ಪುಟವಿಲ್ಲದೆ ಕಾದಂಬರಿ ಕುಂಟಿತು. ಒಂದು ವಾರ ಪೆನ್ನು ಮುಟ್ಟಲಿಲ್ಲ. ಆಮೇಲೆ ಆ ಬೆಳಗನ್ನು ಬಿಟ್ಟು, ಆ ದಿನದ ಮಧ್ಯಾಹ್ನದಿಂದ ಮುಂದೆ ಬರೆದೆ. ನಾಯಕಿ ಒಳಗೆ ಬರುತ್ತಾಳೆ, ಕಾಲು ತೊಳೆಯುತ್ತಾಳೆ, ಎಲೆ ಹಾಕುತ್ತಾಳೆ. ಎಲ್ಲಿಂದ ಬಂದಳೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಓದಿದವರಲ್ಲಿ ಕೆಲವರು ಅಲ್ಲಿ ಏನೋ ಬಿಟ್ಟುಹೋಗಿದೆ ಎನ್ನುತ್ತಾರೆ. ಹೌದು, ಬಿಟ್ಟಿದೆ.

ಸೆಪ್ಟೆಂಬರಿನಲ್ಲಿ ದೊಡ್ಡಮ್ಮ ವಾಕರ್ ಹಿಡಿದು ಅಡಿಗೆಮನೆಯವರೆಗೆ ನಡೆದರು. ನಡೆದು ಹೋಗಿ ಮೊದಲು ಮಾಡಿದ ಕೆಲಸ, ನಾನು ಡಬ್ಬಿಗಳನ್ನು ಇಟ್ಟ ಕ್ರಮ ಸರಿಯಿಲ್ಲವೆಂದು ಎಲ್ಲವನ್ನೂ ಬದಲಾಯಿಸಿದ್ದು. ಘಾಟಿಯಲ್ಲಿ ಬಸ್ಸು ಲಾರಿಗಳನ್ನು ಬಿಡಲು ತಿಂಗಳುಗಟ್ಟಲೆ ಹಿಡಿಯಿತು. ಸಣ್ಣ ಗಾಡಿಗಳಿಗೆ ದಾರಿ ಬಿಟ್ಟ ಮೇಲೆ ನಮ್ಮವರು ಕಾರು ತೆಗೆದುಕೊಂಡು ಬಂದರು. ರಸ್ತೆಯ ಒಂದು ಬದಿ ಕಿತ್ತುಹೋಗಿತ್ತು, ಗುಡ್ಡದ ಮೈ ಹಸಿಯಾಗಿ ಕೆಂಪಗಿತ್ತು. ಕೊಟ್ಟಿಗೆಹಾರಕ್ಕೆ ಬಂದು ಕಾಫಿ ಕುಡಿಯುವಾಗ ಫೋನಿಗೆ ಏಳು ವಾರದ ಮೆಸೇಜುಗಳು ಬಂದು ಬಿದ್ದವು. ನನ್ನ ತೊಡೆಯ ಮೇಲಿದ್ದ ಚೀಲದಿಂದ ಬಚ್ಚಲೊಲೆಯ ಹೊಗೆಯ ವಾಸನೆ ಬರುತ್ತಿತ್ತು. “ಇದೇನು, ಮೀನು ಒಣಗಿಸಿ ತಂದೆಯಾ?” ಎಂದು ನಮ್ಮವರು ತಮಾಷೆ ಮಾಡಿದರು.

ಮನೆಗೆ ಬಂದು ಟೈಪು ಮಾಡಲು ಶುರುಮಾಡಿದೆ. ಹಲಸಿನ ಮೇಜಿನ ಮೇಲಿದ್ದ ಬಟ್ಟೆಯ ಗಂಟು ಕೆಳಗಿಳಿಸಿ, ಎಡಕ್ಕೆ ಲೆಕ್ಕದ ಪುಸ್ತಕ, ಬಲಕ್ಕೆ ಲ್ಯಾಪ್‌ಟಾಪು. ಟೈಪು ಮಾಡುವಾಗ ಕಿವಿಯ ಅಗತ್ಯ ಅಷ್ಟಾಗಿ ಇಲ್ಲ, ಕುಕ್ಕರ್ ಎಣಿಸುತ್ತಲೇ ಮಾಡಬಹುದು. ಆರು ತಿಂಗಳು ಹಿಡಿಯಿತು. ಪ್ರಕಾಶಕರು ಈಗ ಹಸ್ತಪ್ರತಿ ಕೇಳುವುದಿಲ್ಲ, ಇ-ಮೇಲಿನಲ್ಲಿ ಕಳಿಸಿ ಎನ್ನುತ್ತಾರೆ. ಕಳಿಸಿದ ಕಡತದಲ್ಲಿ ಓರೆ ಗೆರೆಯೂ ಇಲ್ಲ, ಹೊಗೆಯೂ ಇಲ್ಲ, ಹೆಣ್ಣಾಳು ಐದು ಗಂಡಾಳು ಎರಡು ಎಂಬ ದೊಡ್ಡಪ್ಪನ ಅಕ್ಷರವೂ ಇಲ್ಲ. ಪುಸ್ತಕ ಬಂದಾಗ ಮೊದಲ ಪ್ರತಿಯನ್ನು ಕಕ್ಕಿಂಜೆಗೆ ಕಳಿಸಿದೆ. ದೊಡ್ಡಮ್ಮ ಭೂತಕನ್ನಡಿ ಹಿಡಿದು ಇಡೀ ಓದಿ ಫೋನು ಮಾಡಿದರು. ನೀರುಳ್ಳಿಯ ಭಾಗ ಬಂದಿದೆಯಲ್ಲ, ಅದು ಲಾಯಕ್ಕಾಗಿದೆ ಎಂದರು. ಬೇರೆ ಏನೂ ಹೇಳಲಿಲ್ಲ. ಮರುವರ್ಷ ಮಳೆಗಾಲದಲ್ಲಿ ತೀರಿಕೊಂಡರು.

ಲೆಕ್ಕದ ಪುಸ್ತಕ ನನ್ನಲ್ಲೇ ಉಳಿದಿದೆ. ಬೀಗವಿರುವ ಡ್ರಾಯರಿನಲ್ಲಿಟ್ಟಿದ್ದೇನೆ. ಬೀಗದ ಕೈ ಎಲ್ಲಿದೆಯೆಂದು ಮಗಳಿಗೆ ಹೇಳಿದ್ದೇನೆ, ಯಾವ ಪುಟಗಳೆಂದು ಹೇಳಿಲ್ಲ.